ಬೇಲಿಯಪ್ಪನ ಮನೆಯ ಕಣಗಿಲೆ

ಗಾಜಿನ ಕಾರ್ಖಾನೆಯ ದೊಡ್ಡ ಗೇಟಿನಿಂದ ಹಿಡಿದು ಲಾರಿ ತೂಗುವ ಕಟ್ಟೆಯವರೆಗೆ ಒಂದು ಕಣಗಿಲೆ ಬೇಲಿ ಇದೆ. ಎದೆಮಟ್ಟ ಎತ್ತರ, ಮೇಲುಗಡೆ ಮೇಜಿನಷ್ಟು ಸಪಾಟು. ಅದರ ಮೇಲೆ ತುಂಬಿದ ಟೀ ಲೋಟ ಇಟ್ಟರೂ ಚೆಲ್ಲುವುದಿಲ್ಲ ಅಂತ ಲಾರಿ ಡ್ರೈವರುಗಳು ಹೇಳುತ್ತಾರೆ. ಒಬ್ಬ ಇಟ್ಟೂ ನೋಡಿದ, ಸರಿಯಾಗಿ ಬೈಸಿಕೊಂಡ. ಆ ಬೇಲಿ ಕತ್ತರಿಸುವವನಿಗೆ ಕಾರ್ಖಾನೆಯಲ್ಲಿ ಎಲ್ಲರೂ ಬೇಲಿಯಪ್ಪ ಅನ್ನುತ್ತಾರೆ. ಮೀಸೆ ಮೂಡುವ ವಯಸ್ಸಿಗೆ ಈ ಕೆಲಸ ಹಿಡಿದವನು. ಈಗ ಮೀಸೆ ನರೆತಿದೆ. ಅಷ್ಟರಲ್ಲಿ ಎಷ್ಟೋ ಮ್ಯಾನೇಜರುಗಳು ಬಂದರು, ಹೋದರು. ಬೇಲಿ ಮಾತ್ರ ಒಂದು ಬೆರಳಿನಷ್ಟೂ ಏರಲಿಲ್ಲ, ಇಳಿಯಲಿಲ್ಲ.

ಅವನ ಕೆಲಸದ ರೀತಿ ಹೀಗೆ. ಎರಡು ಗೂಟ, ನಡುವೆ ಬಿಗಿದು ಕಟ್ಟಿದ ದಾರ. ದಾರದ ಮೇಲೆ ಎಲೆಯೊಂದು ತಲೆ ಎತ್ತಿದರೂ ಅದಕ್ಕೆ ಕತ್ತರಿ ಬಿತ್ತು. ಎರಡೂ ಕೈಯಲ್ಲಿ ಹಿಡಿಯುವ ಉದ್ದ ಅಲಗಿನ ಆ ಕತ್ತರಿ ಅವನ ಸ್ವಂತದ್ದು. ಕಾರ್ಖಾನೆಯವರು ತಂದ ಮೋಟಾರು ಕತ್ತರಿ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಾ ಬಿದ್ದಿದೆ. ಅದರ ಸದ್ದಿಗೆ ಗಿಡ ಬೆದರುತ್ತದೆ ಅಂತ ಅವನ ವಾದ. ಇಂಥ ವಾದಕ್ಕೆ ಯಾರು ತಾನೇ ಏನು ಹೇಳಿಯಾರು?

ಕಣಗಿಲೆಯೂ ಅವನಂಥದ್ದೇ ಗಿಡ, ಮಹಾ ಹಟಮಾರಿ. ನೀರು ಕೊಟ್ಟರೆ ಸರಿ, ಕೊಡದಿದ್ದರೂ ಸರಿ. ವರ್ಷವಿಡೀ ಹಸಿರು. ಕುಲುಮೆಯ ಕಡೆಯಿಂದ ಬರುವ ಬಿಸಿಗಾಳಿಗೂ ಜಗ್ಗುವುದಿಲ್ಲ. ಮೇಕೆ ಕೂಡ ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತದೆ, ಏಕೆಂದರೆ ಮೈಯೆಲ್ಲ ವಿಷ. ಮುರಿದ ಕಡ್ಡಿಯಿಂದ ಬರುವ ಅಂಟು ಹಾಲು ಕಣ್ಣಿಗೆ ತಾಗಿದರೆ ಕೆಲಸ ಕೆಟ್ಟಿತು. ಕತ್ತರಿಸಿದ್ದನ್ನು ಸುಡುವ ಹಾಗೂ ಇಲ್ಲ, ಹೊಗೆಯೂ ಕೆಟ್ಟದ್ದೇ. ಹಾಗಾಗಿ ಬೇಲಿಯಪ್ಪ ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿ ಹಿಂದಿನ ಗುಂಡಿಗೆ ಸುರಿದು ಬರುತ್ತಿದ್ದ. ಆಮೇಲೆ ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಈ ಕೈ ತೊಳೆಯುವ ಕಾರ್ಯಕ್ರಮ ಮುಗಿಯದೆ ಅವನು ಊಟದ ಡಬ್ಬಿ ಮುಟ್ಟಿದ್ದಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು: ತನ್ನ ಬೇಲಿಯ ಹೂವಿನ ಬಣ್ಣ. ಕಣಗಿಲೆ ಹೂ ಬಿಡುವುದು ಎಳೆ ರೆಂಬೆಯ ತುದಿಯಲ್ಲಿ. ವಾರವಾರವೂ ತುದಿಯನ್ನೇ ಹಾರಿಸುತ್ತಾ ಬಂದರೆ ಹೂ ಎಲ್ಲಿಂದ ಬರಬೇಕು? ಅವನ ಹೆಂಡತಿಗೆ ಇದು ಮುಗಿಯದ ತಮಾಷೆ.

"ರೀ, ನಿಮ್ಮ ಬೇಲಿ ಹೂ ಬಿಳಿನಾ, ಕೆಂಪಾ?"

"ಬೇಲಿಗೆ ಎಲ್ಲಿಯ ಹೂವೇ? ಬೇಲಿ ಅಂದ್ರೆ ಬೇಲಿ."

"ಚೆನ್ನಾಗಿದೆ. ಇಷ್ಟು ವರ್ಷ ಸಂಸಾರ ಮಾಡಿ, ಹೆಂಡ್ತಿ ಮುಖ ಹೇಗಿದೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂದ ಹಾಗಾಯ್ತು."

ಅವರ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಒಂದು ಕೋಣೆ, ಒಂದು ನಡುಮನೆ, ಅಡುಗೆಗೆ ಒಂದಿಷ್ಟು ಜಾಗ, ಮುಂದೆ ಅಂಗಳ. ಅಂಗಳ ಅಂತ ಬಾಯಿಮಾತಿಗೆ ಹೇಳಬೇಕು, ಅದು ಬರೀ ಗರಸು. ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ಹೋಗುತ್ತದೆ, ಅದು ಅಡುಗೆಗೆ, ಸ್ನಾನಕ್ಕೆ, ಪಾತ್ರೆಗೆ ಸರಿಹೋಗುತ್ತದೆ. ಅವಳಿಗೋ ಗಿಡದ ಹುಚ್ಚು. ಗುಲಾಬಿ ನೆಟ್ಟಳು, ಒಣಗಿ ಕಡ್ಡಿಯಾಯಿತು. ಮಲ್ಲಿಗೆ ನೆಟ್ಟಳು, ಅದೂ ಕೈಕೊಟ್ಟಿತು. ಒಂದು ದಿನ ಅವನು ಮರೆತು ಹೋಗಿದ್ದ ಡಬ್ಬಿ ಕೊಡಲು ಕಾರ್ಖಾನೆಗೆ ಬಂದವಳು, ಅವನು ಕತ್ತರಿಸಿ ಗುಡ್ಡೆ ಹಾಕಿದ್ದರಲ್ಲಿ ಒಂದು ಕಡ್ಡಿ ಎತ್ತಿಕೊಂಡಳು.

"ಇದನ್ನ ನೆಡ್ತೀನಿ. ನಿಮ್ಮ ಬೇಲಿ ಹೂ ಹೇಗಿರುತ್ತೆ ಅಂತ ನೋಡೇ ಬಿಡೋಣ."

"ಮೊದಲು ಕೈ ತೊಳ್ಕೋ," ಅಂದ ಅವನು.

ಕಡ್ಡಿಯನ್ನು ನೀರು ತುಂಬಿದ ಬಾಟಲಿಯಲ್ಲಿ ನಿಲ್ಲಿಸಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು. ಬಿಳಿ ಬೇರು ಬಂದಾಗ ಅವನೇ ಹಾರೆ ಹಿಡಿದು ಮೆಟ್ಟಿಲ ಎದುರಿಗೆ ಗುಂಡಿ ತೋಡಿದ. ತೋಡಿದ ಗರಸನ್ನೇ ಒಂದಿಷ್ಟು ಮಣ್ಣಿನ ಜೊತೆ ಕಲಸಿ ವಾಪಸು ತುಂಬಿದ, ಬುಡದ ಸುತ್ತ ಬೆಣಚುಕಲ್ಲು ಹರಡಿದ. ಮೊದಲ ಬೇಸಿಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ನಿಧಾನವಾಗಿ ಸುರಿದರೆ ಸಾಕು, ಆಮೇಲೆ ಅದರ ಪಾಡಿಗೆ ಅದನ್ನು ಬಿಡಬೇಕು ಅಂದ. ದಿನಾ ನೀರು ಕುಡಿಸಿದರೆ ಬೇರಿಗೆ ಸೋಮಾರಿತನ ಬರುತ್ತದೆ, ಕೆಳಗಿಳಿಯುವುದೇ ಇಲ್ಲ. ಅವಳು ಎಲ್ಲದಕ್ಕೂ ಹೂಂ ಅಂದಳು. ಕೊನೆಗೆ ಬೆರಳು ತೋರಿಸಿ, "ನನ್ನ ಗಿಡಕ್ಕೆ ನಿಮ್ಮ ಕತ್ತರಿ ತಾಗ್ಸಿದ್ರೆ ನೋಡಿ ಮತ್ತೆ," ಅಂದಳು. ಅವನು ನಕ್ಕು ಒಪ್ಪಿಕೊಂಡ.

ಗಿಡ ಮಂಡಿಯೆತ್ತರಕ್ಕೆ ಬರುವ ಹೊತ್ತಿಗೆ ಅವಳು ಹೋಗಿಬಿಟ್ಟಳು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ತಂತಿ ಹಿಡಿದುಕೊಂಡಂತೆಯೇ ಕುಸಿದಳಂತೆ. ಕಾರ್ಖಾನೆಗೆ ಸುದ್ದಿ ಬಂದಾಗ ಬೇಲಿಯಪ್ಪ ದಾರ ಕಟ್ಟುತ್ತಿದ್ದ. ಕಟ್ಟುತ್ತಿದ್ದ ಗಂಟನ್ನು ಪೂರ್ತಿ ಬಿಗಿದೇ ಹೊರಟ. ಅದನ್ನು ಕಂಡ ಗೇಟಿನ ವಾಚ್‌ಮನ್ ಇವತ್ತಿಗೂ ಆ ಮಾತು ಆಡುತ್ತಾನೆ.

ಅವನು ಅಳಲಿಲ್ಲ. ಅಳಬಾರದು ಅಂತೇನೂ ಹಟ ಇರಲಿಲ್ಲ, ಬರಲಿಲ್ಲ ಅಷ್ಟೇ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ಕೆನ್ನೆ ತನ್ನದಲ್ಲ ಅನಿಸುತ್ತದಲ್ಲ, ಆ ಜೋಮು ಅವನ ಮೈಯಿಡೀ ಹರಡಿತ್ತು. ಊಟ ಮಾಡುತ್ತಿದ್ದ, ರುಚಿ ಗೊತ್ತಾಗುತ್ತಿರಲಿಲ್ಲ. ಮಲಗುತ್ತಿದ್ದ, ಏಳುತ್ತಿದ್ದ. ಕೈಗಳು ಮಾತ್ರ ತಮ್ಮ ಕೆಲಸ ತಾವು ಮಾಡಿಕೊಂಡು ಹೋಗುತ್ತಿದ್ದವು. ಆ ದಿನಗಳಲ್ಲಿ ಬೇಲಿ ಎಂದಿಗಿಂತ ಸಪಾಟಾಗಿತ್ತು, ಹಾಳಾದ್ದು. ಮ್ಯಾನೇಜರು ಕಾರು ನಿಲ್ಲಿಸಿ ಹೊಗಳಿದರು. ಗೇಟಿನ ವಾಚ್‌ಮನ್ ಹತ್ತಿರ ಬಂದು, "ಒಂದ್ಸಲ ಅತ್ತುಬಿಡಯ್ಯ, ಹಗುರ ಆಗುತ್ತೆ," ಅಂದ. "ಭಾರ ಆಗಿದ್ರೆ ತಾನೇ ಹಗುರ ಆಗೋದು," ಅಂದು ಬೇಲಿಯಪ್ಪ ಮುಂದಿನ ಗೂಟಕ್ಕೆ ಹೋದ.

ಸುದ್ದಿ ಕೇಳಿ ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟರು. ಅತ್ತೆ ಉಳಿದರು. ಹೆಂಡತಿಯ ತಾಯಿ. ಗಂಡ ತೀರಿಕೊಂಡ ಮೇಲೆ ಬೇರೆ ಊರಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದವರು. ಹರೆಯದಿಂದ ಮುಪ್ಪಿನವರೆಗೆ ಒಂದು ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂತ ಹೆಂಗಸು. ಕೌಂಟರಿನ ಕಿಂಡಿಯಲ್ಲಿ ಕಾಣುತ್ತಿದ್ದದ್ದು ಬರೀ ಕೈಗಳು. ಕೈ ನೋಡಿಯೇ ಯಾರು ಸಾಚಾ, ಯಾರು ಬ್ಲ್ಯಾಕಿನಲ್ಲಿ ಮಾರಲು ಬಂದವನು ಅಂತ ಹೇಳುತ್ತಿದ್ದರಂತೆ. ಮದುವೆ ಮಾತುಕತೆಗೆ ಹೋದಾಗ ಅಳಿಯನ ಮುಖವನ್ನು ಅವರು ಸರಿಯಾಗಿ ನೋಡಿರಲಿಲ್ಲ. ಟೀ ಲೋಟ ಹಿಡಿದ ಕೈ ನೋಡಿ, "ಹುಡುಗ ಆಗಬಹುದು," ಅಂದಿದ್ದರು.

ಈಗ ಆ ಮನೆಯಲ್ಲಿ ಇಬ್ಬರೇ. ನಡುವೆ ಇರಬೇಕಾದವಳು ಇಲ್ಲದೆ ಅತ್ತೆಗೂ ಅಳಿಯನಿಗೂ ಏನು ಮಾತು? ಅತ್ತೆ ಕೋಣೆಯಲ್ಲಿ, ಅವನು ನಡುಮನೆಯಲ್ಲಿ. ಬೆಳಿಗ್ಗೆ ಟೀ ಲೋಟ ಅವನ ಕೈಗೆ ಬರುತ್ತಿತ್ತು. ಸಂಜೆ ಅವನು ತರಕಾರಿ ಚೀಲ ಅಡುಗೆಮನೆಯ ಬಾಗಿಲಲ್ಲಿ ಇಡುತ್ತಿದ್ದ. ಅತ್ತೆಯ ಬಟ್ಟೆಗಳೆಲ್ಲ ಸೂಟ್‌ಕೇಸಿನಲ್ಲೇ. ಕಪಾಟಿನ ತುಂಬ ಮಗಳ ಬಟ್ಟೆ ಇದ್ದವು, ಅವನ್ನು ಇಬ್ಬರೂ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಮಂಚದ ಕೆಳಗಿನಿಂದ ಸೂಟ್‌ಕೇಸು ಸರ್ ಅಂತ ಎಳೆಯುವ ಸದ್ದು ಕೇಳಿದರೆ ಅವನಿಗೆ ಏಕೋ ಸಮಾಧಾನ. ಇವತ್ತೂ ಇದ್ದಾರೆ ಅಂತ ಅರ್ಥ.

ದೊಡ್ಡ ಮಗಳು ಸಂಜೆ ಫೋನ್ ಮಾಡುತ್ತಿದ್ದಳು. ಅತ್ತೆ ಮೊಬೈಲನ್ನು ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದು ಸ್ಪೀಕರ್ ಹಾಕುವವರು, ಆದ್ದರಿಂದ ಆ ಕಡೆಯ ಮಾತು ಇಡೀ ಮನೆಗೆ ಕೇಳುತ್ತಿತ್ತು.

"ಅಮ್ಮ, ಮಗಳೇ ಇಲ್ಲದ ಮನೇಲಿ ಇನ್ನೂ ಎಷ್ಟು ದಿನ ಇರ್ತೀಯ? ನೋಡಿದವರು ಏನಂದ್ಕೋತಾರೆ? ತಂಗಿ ಗಂಡನಿಗೂ ಸಂಕೋಚ. ಬಂದುಬಿಡು."

"ಬರ್ತೀನಿ ಕಣೆ. ಇಲ್ಲಿ ನಿನ್ನ ತಂಗಿ ನೆಟ್ಟ ಗಿಡ ಒಂದಿದೆ. ಹೂ ನೋಡ್ಬೇಕು ಅಂತ ತುಂಬಾ ಆಸೆಪಟ್ಟಿದ್ಲು. ಅವಳಂತೂ ನೋಡ್ಲಿಲ್ಲ. ಅದು ಹೂ ಬಿಡ್ಲಿ, ಒಂದ್ಸಲ ಕಣ್ತುಂಬ ನೋಡ್ಕೊಂಡು ಬಸ್ಸು ಹತ್ತುತ್ತೀನಿ."

ನಡುಮನೆಯಲ್ಲಿ ಕತ್ತರಿಗೆ ಎಣ್ಣೆ ಹಾಕುತ್ತಾ ಕೂತಿದ್ದ ಬೇಲಿಯಪ್ಪ ಇದನ್ನು ಕೇಳಿಸಿಕೊಂಡ. ಆಗಲೂ ಅವನಿಗೆ ಏನೂ ಅನ್ನಿಸಲಿಲ್ಲ.

ಮುಂದಿನ ಬೇಸಿಗೆಯ ಒಂದು ಭಾನುವಾರ. ಅತ್ತೆ ಸಂತೆಗೆ ಹೋಗಿದ್ದರು. ರಜೆಯ ದಿನ ಕೈಗೆ ಕೆಲಸವಿಲ್ಲದೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಗಿಡ ಸೊಂಟದವರೆಗೆ ಬೆಳೆದು ಅಡ್ಡಾದಿಡ್ಡಿ ರೆಂಬೆ ಚಾಚಿತ್ತು. ಅವನು ಎದ್ದ, ಕತ್ತರಿ ತಂದ, ಕಣ್ಣಳತೆಯಲ್ಲೇ ಮಟ್ಟ ಹಿಡಿದು ಚಕಚಕ ಕತ್ತರಿಸಿಬಿಟ್ಟ. ಬೇಕೆಂದು ಮಾಡಿದ್ದಲ್ಲ. ಉಗುರು ಬೆಳೆದದ್ದು ಕಂಡರೆ ಕತ್ತರಿಸುವುದಿಲ್ಲವೇ, ಹಾಗೆ. ಕೆಳಗೆ ಬಿದ್ದ ತುದಿಗಳನ್ನು ಬಾಚಲು ಬಗ್ಗಿದಾಗ ಕಂಡಿತು: ಪ್ರತಿ ತುದಿಯಲ್ಲೂ ಭತ್ತದ ಕಾಳಿನಷ್ಟು ದಪ್ಪದ ಮೊಗ್ಗುಗಳ ಗೊಂಚಲು. ಬಣ್ಣ ಇನ್ನೂ ಇಣುಕಿರಲಿಲ್ಲ, ಎಲ್ಲ ಹಸಿರೇ.

ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಎದೆಯಲ್ಲಿ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಅದರ ಬದಲು ಬೇರೊಂದು ಲೆಕ್ಕ ತಲೆಗೆ ಬಂತು. ಈ ಮೊಗ್ಗು ಅರಳಿದ್ದರೆ ಅತ್ತೆ ಈ ವಾರವೇ ಹೊರಟುಬಿಡುತ್ತಿದ್ದರು. ಆಮೇಲೆ ಸೂಟ್‌ಕೇಸಿನ ಸದ್ದಿಲ್ಲ, ಬೆಳಗಿನ ಟೀ ಇಲ್ಲ, ಒಳಗೆ ಯಾರೋ ಕೆಮ್ಮುವುದಿಲ್ಲ. ಖಾಲಿ ಮನೆಗೆ ಬೀಗ ಹಾಕಿ ಹೋಗುವುದು, ಖಾಲಿ ಮನೆಯ ಬೀಗ ತೆಗೆಯುವುದು. ಹೆಂಡತಿ ಹೋದ ಮೇಲೆ ಅವನಿಗೆ ಮೊದಲ ಬಾರಿಗೆ ಆದ ಅನುಭವ ಅದು, ಭಯ. ದುಃಖಕ್ಕಿಂತ ಮುಂಚೆ ಭಯ ಬಂತು.

"ಅತ್ತೆ, ಇಲ್ಲೇ ಇರಿ" ಅಂತ ಬಾಯಿಬಿಟ್ಟು ಕೇಳಬಹುದಿತ್ತು ಅಂತ ನೀವು ಹೇಳಬಹುದು. ಹೇಳುವುದು ಸುಲಭ. ಯಾವ ಮುಖ ಇಟ್ಟುಕೊಂಡು ಕೇಳುವುದು? ಮಗಳನ್ನು ಕಳೆದುಕೊಂಡವರನ್ನು, ಸ್ವಂತ ಮಗಳೊಬ್ಬಳು ಬಾ ಬಾ ಅಂತ ಕರೆಯುತ್ತಿರುವಾಗ, ನನಗೆ ಟೀ ಕಾಯಿಸಿಕೊಟ್ಟು ಇಲ್ಲೇ ಬಿದ್ದಿರಿ ಅನ್ನುವುದೇ? ಅವನ ಗಂಟಲಿನಿಂದ ಅದು ಹೊರಡುವ ಮಾತಲ್ಲ. ಕತ್ತರಿಗಾದರೆ ಗಂಟಲು ಬೇಕಿಲ್ಲ. ಎಲ್ಲವನ್ನೂ ಬಾಚಿ ಹಿತ್ತಲ ಮೂಲೆಯ ಕಸದ ಬುಟ್ಟಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿ ಬಂದ.

ಅತ್ತೆ ಸಂತೆಯಿಂದ ಬಂದರು. ಚೀಲ ಇಳಿಸಿದರು, ಅವನ ಕಡೆ ನೋಡಿದರು.

"ಸೋಪು ಹಾಕಿ ಕೈ ತೊಳ್ಕೊಂಡು ಊಟಕ್ಕೆ ಬನ್ನಿ," ಅಂದರು.

ಅಲ್ಲಿಂದ ಮುಂದೆ ಅದೇ ಪಾಠ. ಭಾನುವಾರ ಅತ್ತೆ ಸಂತೆಗೆ ಹೋಗುವುದು, ಇವನು ತುದಿ ಹಾರಿಸುವುದು, ಬಂದ ಅತ್ತೆ ಕೈ ತೊಳ್ಕೊಳ್ಳಿ ಅನ್ನುವುದು. ಮೊದಲನೆಯದು ಕೈತಪ್ಪು, ಉಳಿದದ್ದೆಲ್ಲ ಬೇಕೆಂದೇ ಮಾಡಿದ್ದು. ಅತ್ತೆಗೆ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಕನ್ನಡಕ ಎಲ್ಲಿಟ್ಟೆ ಅಂತ ದಿನವಿಡೀ ಹುಡುಕುತ್ತಾರೆ, ಅದೇ ಅವನಿಗೆ ಧೈರ್ಯ. ಗಿಡ ದುಂಡಗೆ, ದಟ್ಟವಾಗಿ, ನೋಡಿದವರು ತಲೆದೂಗುವ ಹಾಗೆ ನಿಂತಿತ್ತು. ಅತ್ತೆ ಸಂಜೆ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದರು. ಫೋನಿನಲ್ಲಿ ದೊಡ್ಡ ಮಗಳು, "ಹೂ ಬಿಡ್ತಾ?" ಅನ್ನುತ್ತಿದ್ದಳು. "ಇನ್ನೂ ಇಲ್ಲ ಕಣೆ," ಅನ್ನುತ್ತಿದ್ದರು ಅತ್ತೆ. ಆ ಮಾತು ಕೇಳಿದಾಗ ಇವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ನಾಚಿಕೆಗೇಡು ಅಂತ ಗೊತ್ತಿತ್ತು. ಆದರೆ ನಾಚಿಕೆಯಾಗಬೇಕಾದರೂ ಒಳಗೆ ಒಂದಿಷ್ಟು ಜೀವ ಇರಬೇಕಲ್ಲ.

ಬೇಸಿಗೆ ಕಳೆದು, ಮಳೆ ಬಂದಂತೆ ಮಾಡಿ ಹೋಗಿ, ಮತ್ತೆ ಬಿಸಿಲು ಏರಿತು. ಒಂದು ಭಾನುವಾರ ಊಟವಾದ ಮೇಲೆ ಅತ್ತೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದರು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಮಾತಿಗೆ ನಿಂತಳು. ಕೆಟ್ಟವಳೇನಲ್ಲ, ಕಷ್ಟ ಅಂದರೆ ಓಡಿ ಬರುವವಳು. ನಾಲಿಗೆಗೆ ಮಾತ್ರ ಕಡಿವಾಣ ಇಲ್ಲ. ಬೇಲಿಯಪ್ಪ ಒಳಗೆ ಕಿಟಕಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದ.

"ಅಲ್ಲಮ್ಮಾ, ಈ ಗಿಡ ಇಷ್ಟು ಸೊಂಪಾಗಿದೆ, ಒಂದು ಹೂ ಬೇಡ್ವಾ? ನಮ್ಮ ತಾಯಿ ಮನೇಲಿ ಕಣಗಿಲೆ ಅಂದ್ರೆ ಎಲೆ ಕಾಣ್ತಿರ್ಲಿಲ್ಲ, ಅಷ್ಟು ಹೂ. ಇದ್ಯಾಕೋ ಬಂಜೆ ಗಿಡ. ಕಿತ್ತು ಬೇರೆ ಹಾಕಿ." ಆಮೇಲೆ ದನಿ ಇಳಿಸಿ, ಮರುಕದಿಂದಲೇ ಅಂದಳು, "ಪಾಪ, ನೆಟ್ಟವಳ ಹಾಗೇ ಆಯ್ತು ನೋಡಿ."

ಆ ಮಾತು ಈ ಮನೆಗೆ ಹೊಸದಲ್ಲ. ಮಕ್ಕಳಾಗಲಿಲ್ಲ ಅಂತ ಹೆಂಡತಿ ಎಷ್ಟು ಕಡೆ, ಎಷ್ಟು ಬಾಯಲ್ಲಿ ಇದನ್ನು ಕೇಳಿಸಿಕೊಂಡಿದ್ದಳು. ಎದುರಿಗೆ ನಕ್ಕು, ಮನೆಗೆ ಬಂದು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರನ್ನೂ ಕೂರಿಸಿ, ಅವಳಲ್ಲಿ ಯಾವ ದೋಷವೂ ಇಲ್ಲ ಅಂತ ಹೇಳಿದ್ದರು. ಅದನ್ನು ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ, ಹೆತ್ತ ತಾಯಿಯ ಹತ್ತಿರವೂ. ಗಂಡನ ಮಾನ ಕಾಯುತ್ತಾ ಆ ಹೆಸರನ್ನು ತಾನೇ ಹೊತ್ತಳು. ಈಗ ಸತ್ತ ಮೇಲೂ ಅದೇ ಹೆಸರು ಅವಳಿಗೆ, ಅವಳ ಗಿಡಕ್ಕೆ. ಈ ಸಲವೂ ದೋಷ ಇವನದೇ.

ಹೊರಗೆ ಅತ್ತೆಯ ದನಿ ಕೇಳಿಸಿತು. ಏರಲಿಲ್ಲ, ಇಳಿಯಲಿಲ್ಲ.

"ಗಿಡಕ್ಕೇನೂ ಆಗಿಲ್ಲಮ್ಮ. ಚೆನ್ನಾಗೇ ಇದೆ. ನನ್ನ ಮಗಳೂ ಚೆನ್ನಾಗೇ ಇದ್ಲು."

ಪಕ್ಕದ ಮನೆಯಾಕೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಬೇಲಿಯಪ್ಪ ಚಾಪೆಯ ಮೇಲೆ ಎದ್ದು ಕೂತ. ಜೋಮು ಹಿಡಿದ ಕಾಲಿಗೆ ರಕ್ತ ವಾಪಸು ಬರುವಾಗ ನೆಲಕ್ಕೆ ಊರಲಾಗದಷ್ಟು ಚುಚ್ಚುತ್ತದಲ್ಲ, ಅಂಥ ನೋವು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅತ್ತೆ ಹೋದರೆ ಹೋಗಲಿ. ಖಾಲಿ ಮನೆಯಾದರೆ ಆಗಲಿ. ಆ ಹೂ ಅರಳಲೇಬೇಕು ಅಂತ ನಿಶ್ಚಯ ಮಾಡಿದ.

ಮುಂದಿನ ಭಾನುವಾರ ಅತ್ತೆ ಸಂತೆಗೆ ಹೋದಾಗ ಅವನು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಸೋಮವಾರ ಕಾರ್ಖಾನೆಗೆ ಬೇಕಲ್ಲ ಅಂತ ಮತ್ತೆ ಇಳಿಸಿದ. ಕೊನೆಗೆ ಸೈಕಲ್ಲಿಗೆ ಕಟ್ಟಿ ಅದೇ ದಿನ ಕಾರ್ಖಾನೆಗೆ ಹೋಗಿ ಗೇಟಿನ ವಾಚ್‌ಮನ್ ಹತ್ತಿರ ಕೊಟ್ಟು ಬಂದ. "ಇನ್ಮೇಲೆ ಇದು ಇಲ್ಲೇ ಇರ್ಲಿ. ಮನೆಗೆ ಒಯ್ತೀನಿ ಅಂದ್ರೆ ಕೊಡ್ಬೇಡ." ಕುಡಿತ ಬಿಡುತ್ತೇನೆ ಅನ್ನುವವನ ಆಣೆ ಕೇಳಿಸಿಕೊಂಡವನ ಹಾಗೆ ವಾಚ್‌ಮನ್ ಗಂಭೀರವಾಗಿ ತಲೆಯಾಡಿಸಿದ.

ಸಂತೆಯಿಂದ ಬಂದ ಅತ್ತೆ ಚೀಲ ಇಳಿಸಿದರು. ಅವನ ಕೈ ನೋಡಿದರು. ಅವತ್ತು ಕೈ ತೊಳ್ಕೊಳ್ಳಿ ಅನ್ನಲಿಲ್ಲ. ಸುಮ್ಮನೆ ತಟ್ಟೆ ಇಟ್ಟರು. ಅವನು ಅದನ್ನು ಗಮನಿಸಿದರೂ ಅದಕ್ಕೆ ಅರ್ಥ ಹುಡುಕುವ ಸ್ಥಿತಿಯಲ್ಲಿ ಇರಲಿಲ್ಲ.

ಗಿಡ ಕಾಯುತ್ತಾ ಇತ್ತೋ ಏನೋ. ಸುತ್ತ ಗರಸು ಕೆಂಡದ ಹಾಗೆ ಕಾದಿದ್ದರೂ ತುದಿತುದಿಯಲ್ಲಿ ಎಳೆ ರೆಂಬೆ ಚಿಮ್ಮಿತು, ಮೊಗ್ಗು ಕಟ್ಟಿತು, ಮೊಗ್ಗು ನೀಳವಾಯಿತು. ಅವನು ದಿನಾ ಕೆಲಸಕ್ಕೆ ಹೊರಡುವಾಗ ಅದರ ಕಡೆ ನೋಡದೆ ಸೈಕಲ್ ತಳ್ಳುತ್ತಿದ್ದ. ಒಂದು ಬೆಳಿಗ್ಗೆ ನೋಡದೆ ಇರಲು ಆಗಲಿಲ್ಲ. ಒಂದು ಗೊಂಚಲು ಅರಳಿತ್ತು. ತಿಳಿ ಗುಲಾಬಿ ಬಣ್ಣ, ದಳದ ಬುಡದಲ್ಲಿ ನವುರಾದ ಬಿಳಿ ಗೆರೆಗಳು.

ಅಂದರೆ ಇಷ್ಟು ವರ್ಷ ಕತ್ತರಿಸಿದ್ದು ಇದನ್ನು.

ಅವನು ಒಳಗೆ ಹೋದ. ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು, "ಅತ್ತೆ, ಹೂ ಬಿಟ್ಟಿದೆ," ಅಂದ.

"ಹೂಂ," ಅಂದರು ಅತ್ತೆ.

"ಸಂಜೆ ಬಸ್ಸಿದೆ. ನಾನು ಬೇಗ ಬಂದು ಹತ್ತಿಸ್ತೀನಿ."

"ಬಸ್ಸು ದಿನಾ ಇರುತ್ತೆ," ಅಂದರು. ಅಷ್ಟೇ.

ಅವನೇ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲ ಪಕ್ಕ ಇಟ್ಟ. ಮರ್ಯಾದೆಯಿಂದ ಕಳಿಸಿಕೊಡಬೇಕು ಅನ್ನುವುದೊಂದೇ ಅವನ ತಲೆಯಲ್ಲಿ ಇದ್ದದ್ದು. ಕಾರ್ಖಾನೆಗೆ ಹೋದವನು ಗೂಟ ನೆಟ್ಟ, ದಾರ ಕಟ್ಟಿದ, ಕತ್ತರಿ ಎತ್ತಿದ. ಕತ್ತರಿ ಇಳಿಯಲಿಲ್ಲ. ಅದನ್ನು ಕೆಳಗಿಟ್ಟು ವಾಚ್‌ಮನ್‌ಗೆ ಹೇಳಿದ, "ನಮ್ಮ ಬೇಲಿ ಗುಲಾಬಿ ಬಣ್ಣ ಕಣಯ್ಯ."

"ಯಾವ ಬೇಲಿ? ಇದಾ? ಹಸಿರಾಗೇ ಇದೆಯಲ್ಲ," ಅಂದ ವಾಚ್‌ಮನ್, ಅವನ ಮುಖವನ್ನು ಎರಡು ಸಲ ನೋಡಿ.

ಸಂಜೆ ಬೀದಿಯ ತಿರುವಿನಲ್ಲೇ ಕಂಡಿತು. ಅತ್ತೆ ಅಂಗಳದಲ್ಲಿ ಕೂತಿದ್ದರು. ಸೂಟ್‌ಕೇಸಿನ ಮೇಲೆ. ಬೇಲಿಯಪ್ಪನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಆಗಲೇ ಹೊರಟು ಸಿದ್ಧವಾಗಿ ಕೂತಿದ್ದಾರೆ. ಇನ್ನು ಸೂಟ್‌ಕೇಸು ಕ್ಯಾರಿಯರಿಗೆ ಕಟ್ಟುವುದು, ಬಸ್‌ಸ್ಟ್ಯಾಂಡಿನವರೆಗೆ ತಳ್ಳಿಕೊಂಡು ನಡೆಯುವುದು, ಕಿಟಕಿ ಪಕ್ಕದ ಸೀಟು ಹಿಡಿದು ಕೊಡುವುದು. ವಾಪಸು ಬಂದ ಮೇಲೆ ಏನು ಮಾಡುವುದು ಅಂತ ಮಾತ್ರ ಹೊಳೆಯಲಿಲ್ಲ. ಸೈಕಲ್ ಇಳಿದು ತಳ್ಳುತ್ತಾ ಗೇಟಿನ ಹತ್ತಿರ ಬಂದ.

ಅತ್ತೆ ಅವನ ಕಡೆ ಬೆನ್ನು ಮಾಡಿ, ಗಿಡದ ಕಡೆ ಮುಖ ಮಾಡಿ ಕೂತಿದ್ದರು. ಬೆಳಿಗ್ಗೆ ಒಂದು ಗೊಂಚಲಿದ್ದದ್ದು ಈಗ ನಾಲ್ಕಾರು. ಕನ್ನಡಕ ಮೂಗಿನ ಮೇಲೇ ಇತ್ತು. ಅವನು ಗೇಟಿನ ಚಿಲಕಕ್ಕೆ ಕೈ ಹಾಕಿದಾಗಲೇ ಫೋನು ಬಡಿಯಿತು. ಅತ್ತೆ ಅದನ್ನು ಮುಖದ ಮುಂದೆ ಹಿಡಿದರು.

"ಅಮ್ಮ, ಊಟ ಆಯ್ತಾ? ಹೇಗಿದ್ದೀಯ? ಅದು ಹೂ ಬಿಡ್ತಾ?"

ಅತ್ತೆ ಒಂದು ಗೊಂಚಲನ್ನು ಬೆರಳ ತುದಿಯಿಂದ ಮೆಲ್ಲಗೆ ತಮ್ಮ ಕಡೆ ಬಾಗಿಸಿಕೊಂಡರು.

"ಎಲ್ಲಿಯ ಹೂವು ಕಣೆ. ಇನ್ನೂ ಮೊಗ್ಗೇ ಕಚ್ಚಿಲ್ಲ."

"ಇನ್ನೂ ಇಲ್ವಾ? ಅದೆಂಥ ಗಿಡ ಅಮ್ಮ ಅದು?"

"ಒಣ ನೆಲ ಅಲ್ವಾ, ನಿಧಾನ. ಬರೋ ವರ್ಷ ನೋಡೋಣ."

ಬೇಲಿಯಪ್ಪ ಚಿಲಕ ಹಿಡಿದುಕೊಂಡೇ ನಿಂತಿದ್ದ. ಫೋನು ಇನ್ನೂ ಮಾತಾಡುತ್ತಿತ್ತು. ಅತ್ತೆ ಅದನ್ನು ಮಡಿಲಲ್ಲಿ ಬೋರಲು ಹಾಕಿ, ತಿರುಗಿ ನೋಡದೆಯೇ ಇವನಿಗೆ ಹೇಳಿದರು:

"ಇನ್ನು ಕತ್ತರಿಸ್ಬೇಡಿ ಆಯ್ತಾ. ಪ್ರತಿ ಸೋಮವಾರ ಆ ಮೊಗ್ಗನ್ನೆಲ್ಲ ಆಯ್ದು ಮಣ್ಣಿಗೆ ಹಾಕಿ ಹಾಕಿ ನನ್ನ ಸೊಂಟ ಬಿದ್ದುಹೋಗಿದೆ. ಕಸದ ಬುಟ್ಟಿಲಿ ಹಾಗೇ ಬಿಟ್ರೆ ಪಕ್ಕದ ಮನೆಯವಳು ನೋಡಲ್ವಾ?"

ಅವನಿಗೆ ಮೊದಲು ನಗು ಬಂತು. ಗಂಟಲಿನವರೆಗೆ ಬಂದ ನಗು ಅಲ್ಲೇ ದಾರಿ ತಪ್ಪಿತು. ಸೈಕಲ್ ಗೋಡೆಗೆ ಒರಗಿಸಿದ, ಸರಿಯಾಗಿ ಒರಗಲಿಲ್ಲ, ಬಿತ್ತು. ಎತ್ತಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೆಂಡತಿ ಸತ್ತ ಇಷ್ಟು ದಿನಕ್ಕೆ, ಬೀದಿಗೆಲ್ಲ ಕೇಳುವ ಹಾಗೆ ಅತ್ತ.

"ಅಮ್ಮ, ಅದೇನು ಸದ್ದು? ಯಾರು?" ಅಂತ ಫೋನು ಗಾಬರಿಯಾಗಿ ಕೂಗಿತು.

ಅತ್ತೆ ಅದನ್ನು ಎತ್ತಿಕೊಂಡರು. "ಏನಿಲ್ಲ ಕಣೆ. ಅಳಿಯಂದ್ರು ಕೆಲಸದಿಂದ ಬಂದ್ರು. ಕೈಕಾಲು ತೊಳ್ಕೋತಿದ್ದಾರೆ. ನಾಳೆ ಮಾಡು, ಊಟಕ್ಕೆ ಹೊತ್ತಾಯ್ತು," ಅಂದರು.